ಬೆಸುಗೆಯ ಮೈ ತೊಳೆಯುವ ಹಾಲನ್

ಕೋತಗಿರಿಯ ಇಳಿಜಾರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಟ್ಟಿಗೆ ನೀರು ತರುವ ಉಕ್ಕಿನ ಪೈಪಿನ ಪಕ್ಕ ಹಾಲನ್ ಆಗಲೇ ಕುಕ್ಕುರುಗಾಲಿನಲ್ಲಿ ಕೂತಿದ್ದಾನೆ. ಊಟಿಯಿಂದ ಬಂದ ಮೇಸ್ತ್ರಿ ಗ್ಯಾಸಿನ ಬೆಂಕಿಯಲ್ಲಿ ಪೈಪುಗಳನ್ನು ಬೆಸೆದು, ಮೀಸೆ ತಿರುವಿಕೊಂಡು ಹೋದ. ಬೆಸುಗೆಯ ಮೇಲಿನ ಕಪ್ಪು ಚಕ್ಕೆ ಕೆರೆದು ಬಣ್ಣ ಬಳಿಯುವುದು ಹಾಲನ್‌ನ ಪಾಲಿಗೆ. ಹೆಸರು ಮೇಸ್ತ್ರಿಗೆ, ಸೋರಿದರೆ ಬೈಗುಳ ಇವನಿಗೆ. ಎಸ್ಟೇಟಿನ ಟೀ ಫ್ಯಾಕ್ಟರಿಯಲ್ಲಿ ಬಾಯ್ಲರ್ ಕೆರೆಯುತ್ತಾ ಕಲಿತ ಕೆಲಸ ಇದು.

"ಚಕ್ಕೆ ಮೇಲೇ ಬಣ್ಣ ಹೊಡೆದರೂ ಚಂದ ಕಾಣುತ್ತೆ. ಒಳಗೆ ತುಕ್ಕು ತಿಂತಾ ಇರುತ್ತೆ, ಗೊತ್ತಾಗೋದಿಲ್ಲೆ" ಅನ್ನುತ್ತಾನೆ, ತಂತಿ ಬ್ರಷ್ ನಿಲ್ಲಿಸದೆ. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆ ಮನುಷ್ಯರಿಗಷ್ಟೇ ಅಲ್ಲ.

ಮೂರು ವರ್ಷದ ಹಿಂದೆ ಮೊದಲ ಸಲ ಪೈಪು ಬಂದಾಗ ಹಟ್ಟಿಗೆಲ್ಲ ಸಂಭ್ರಮ. ಎಮ್ಮೆ ಕಟ್ಟಿ ಬದುಕಿದ ಜನಕ್ಕೆ ಶುಭಕಾರ್ಯವೆಂದರೆ ಬೆಣ್ಣೆ ಬೇಕೇ ಬೇಕು. ಹಾಲನ್ ಕೆರೆದು ಹೊಳಪೇರಿಸಿದ್ದ ಬೆಸುಗೆಗಳಿಗೆಲ್ಲ ಅವನ ತಾಯಿ ಕೆಂಪಿ ಕೈಯಾರೆ ಬೆಣ್ಣೆ ಸವರಿದಳು. ತಡೆಯಲು ಮಗನಿಗೆ ಬಾಯಿ ಬರಲಿಲ್ಲ. ಬಟ್ಟೆಯಲ್ಲಿ ಒರೆಸಿ ಬಣ್ಣ ಬಳಿದ. ಜಿಡ್ಡಿನ ಮೇಲೆ ಬಣ್ಣ ನಿಂತೀತೇ? ಈರುಳ್ಳಿ ಸಿಪ್ಪೆಯಂತೆ ಎದ್ದುಬಂತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬೆಸುಗೆಗಳು ತುಕ್ಕು ಹಿಡಿದು ಸೋರಿದವು. ಹೆಂಗಸರು ಮತ್ತೆ ಕೊಡ ಹಿಡಿದು ಹಳ್ಳಕ್ಕಿಳಿದರು, ವಯಸ್ಸಾದ ಕೆಂಪಿಯೂ ಇಳಿದಳು. ಈಗ ಹೊಸದಾಗಿ ಬೆಸೆದದ್ದಾಗಿದೆ. ಇನ್ನೊಮ್ಮೆ ಸೋರಿದರೆ ಪೈಪು ಕಿತ್ತು ಬೇರೆ ಹಟ್ಟಿಗೆ ಕೊಡುತ್ತೇನೆಂದು, ಪೈಪು ಹಾಕಿಸಿದ ಎಸ್ಟೇಟಿನ ದೊರೆ ಕಡ್ಡಿ ಮುರಿದ ಹಾಗೆ ಹೇಳಿದ್ದಾನೆ.

ಅದಕ್ಕೇ ಹಾಲನ್, ಜಿಡ್ಡು ಉಳಿಯದಂತೆ, ಬಟ್ಟೆ ಸೋಡಾ ಹಾಕಿದ ಬಿಸಿನೀರಿನಲ್ಲಿ ಬೆಸುಗೆಯನ್ನು ಕೂಸಿನ ಹಾಗೆ ತೊಳೆಯುತ್ತಾನೆ. ಇಬ್ಬನಿ ಆರುವವರೆಗೆ ಬಣ್ಣದ ಡಬ್ಬಿ ತೆರೆಯುವುದಿಲ್ಲ.

ಬಿಸಿಲೇರುವ ಹೊತ್ತಿಗೆ ಕೆಂಪಿ ಎಲೆಯಲ್ಲಿ ಬೆಣ್ಣೆ ಹಿಡಿದು ಬರುತ್ತಾಳೆ. ಹಾಲನ್ ಎದ್ದು ಅಡ್ಡ ನಿಲ್ಲುತ್ತಾನೆ.

"ಬೇಡ ಅವ್ವೆ. ಇದಕ್ಕೆ ಬೆಣ್ಣೆ ಆಗದು."

"ನಮ್ಮ ಕುಲದ ಹೆತ್ತೆ ದೇವರ ಹೆಸರಲ್ಲಿ ತಂದಿದ್ದೀನಿ ಮಗಾ. ಬರಿಗೈಲಿ ಒಳ್ಳೇದಾಗುತ್ತಾ?"

"ಆಗುತ್ತೆ. ಆವತ್ತು ಹೇಳೋಕೆ ನಾಲಿಗೆ ಏಳಲಿಲ್ಲೆ. ಹೇಳಿದ್ದರೆ ನೀ ಕೊಡ ಹೊರ್ತಿರಲಿಲ್ಲೆ."

ಹೇಳಿದ ಮೇಲೆ ಅವನಿಗೇ ಸಂಕಟ. ಕೆಂಪಿ ಬೆಣ್ಣೆಯನ್ನು ಎಲೆಯೊಳಗೆ ಮಡಿಸಿಡುತ್ತಾಳೆ. ಹಾಲನ್ ಸೀಸದ ಕೆಂಪು ಬಣ್ಣ ಬಳಿಯತೊಡಗುತ್ತಾನೆ.

ಕೊನೆಯ ಬೆಸುಗೆ ಮುಗಿಸಿ ತಿರುಗಿದರೆ ಮುದುಕಿ ಮನೆಗೆ ಹೋಗಿಲ್ಲ. ಕೋಲು ಹಿಡಿದು ಪೈಪಿನ ಪಕ್ಕ ಕಾವಲು ಕೂತಿದ್ದಾಳೆ. ಮೇಯುತ್ತಿದ್ದ ಎಮ್ಮೆಯೊಂದು ಮೈ ತಿಕ್ಕಲು ಹತ್ತಿರ ಬರುತ್ತದೆ.

"ಏ, ದೂರ ಹೋಗು!" ಕೆಂಪಿ ಕೋಲೆತ್ತುತ್ತಾಳೆ. "ಎನ್ನ ಮಗನ ಬಣ್ಣ ಇನ್ನೂ ಹಸಿ."