ಅವಳ ಗೋಡೆಯ ರೇಷ್ಮೆ ಗೋಪುರ

ನಾವು ವಲಸೆ ಬಂದ ಪರದೇಶದ ಊರಿನ ಏವನ್‌ಡೇಲ್ ಬಡಾವಣೆಯ ಭಾನುವಾರದ ಸಂತೆಯಲ್ಲಿ ಆ ಚಿತ್ರವನ್ನು ಮೊದಲು ಕಂಡವಳು ನಾನು. ಆ ಮಾತನ್ನು ಈಗಲೂ ಬಿಟ್ಟುಕೊಡಲಾರೆ. ಎರಡು ಸಾವಿರದ ಐದೋ ಆರೋ ಇಸವಿ. ಮನೆ ಖಾಲಿ ಮಾಡುತ್ತಿದ್ದ ಬಿಳಿಯ ಮುದುಕರೊಬ್ಬರು ಹಳೆಯ ಪಿಂಗಾಣಿಯ ಪಕ್ಕ ಅದನ್ನು ತೂಗುಹಾಕಿದ್ದರು. ಚೀನಾದ ಹಳೆಯ ಶೈಲಿಯಲ್ಲಿ ರೇಷ್ಮೆಯ ಮೇಲೆ ಬರೆದದ್ದು. ಮಂಜಿನಲ್ಲಿ ಕರಗುವ ಬೆಟ್ಟ, ಕೆಳಗೆ ಹೊಳೆ, ದಡದಲ್ಲಿ ಸೂರಿನ ತುದಿಗಳು ಮೇಲಕ್ಕೆ ಬಾಗಿದ ಗೋಪುರ. ಅದರ ಮೇಲಂತಸ್ತಿನ ಕಿಟಕಿಯಲ್ಲಿ ಅಕ್ಕಿಕಾಳಿನಷ್ಟಿದ್ದ ಮನುಷ್ಯನೊಬ್ಬ ಹೊಳೆ ನೋಡುತ್ತ ಕೂತಿದ್ದ. ಅದೇ ಊರಿನ ಮೌಂಟ್ ರಾಸ್ಕಿಲ್‌ನ ನಮ್ಮ ಬಾಡಿಗೆ ಮನೆಯ ಕಿಟಕಿಯಿಂದ ಪಕ್ಕದವರ ಬೇಲಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ನನಗೆ ಮೊದಲು ಹೊಟ್ಟೆಕಿಚ್ಚಾದದ್ದು ಅವನನ್ನು ಕಂಡೇ.

ಅರ್ಧ ಬೆಲೆಗೆ ಕೇಳಿದೆ. ಮುದುಕರು ಆಗದೆಂದು ತಲೆಯಾಡಿಸಿದರು. ಮೈಸೂರಿನ ಮಾರುಕಟ್ಟೆಯಲ್ಲಿ ಅಮ್ಮ ಕಲಿಸಿದ ಹಾಗೆ, ಬೇಡವೆಂದು ಮುಂದೆ ನಡೆದೆ. ಹಿಂದಿನಿಂದ ಕರೆಯಲೇಬೇಕು, ವ್ಯಾಪಾರವೆಂದರೆ ಹಾಗೆ. ಅವರು “ನೋ ವರೀಸ್”, ಪರವಾಗಿಲ್ಲ ಬಿಡಿ, ಎಂದು ಪಿಂಗಾಣಿ ಒರೆಸತೊಡಗಿದರು. ಮೂಲಂಗಿ ಮಾರುವವರ ತನಕ ನಿಧಾನವಾಗಿ ನಡೆದು ತಿರುಗಿದರೆ, ಜೊತೆಗೆ ಬಂದಿದ್ದ ಗೆಳತಿ ಚಿತ್ರವನ್ನು ಸುತ್ತಿಸಿಕೊಳ್ಳುತ್ತಿದ್ದಳು.

“ನೀನ್ ಬೇಡ ಅಂದ್ಯಲ್ಲ, ಅದಕ್ಕೇ ನಾನ್ ತಗೊಂಡೆ ಕಣೇ,” ಎಂದಳು. ಆ ಮಾತಿನಲ್ಲಿ ಕಪಟವಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಆ ವರ್ಷ ಗೌರಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಕರೆದಳು. ಚಿತ್ರ ಸೋಫಾದ ಮೇಲ್ಗಡೆ ತೂಗುತ್ತಿತ್ತು. ಬಂದವರೆಲ್ಲ ಹೊಗಳಿದರು, ನನಗೆ ಸಲ್ಲಬೇಕಾದ ಹೊಗಳಿಕೆ. “ಸ್ವಲ್ಪ ಸೊಟ್ಟಗಿದೆ,” ಎಂದೆ. ಅವಳು ಸ್ಟೂಲ್ ಹತ್ತಿ ನೇರ ಮಾಡಿದಳು. ಇನ್ನೂ ಚೆನ್ನಾಗಿ ಕಂಡಿತು.

ಸ್ಟೂಲ್ ಮೇಲಿಂದಲೇ ಕುಂಕುಮದ ಬಟ್ಟಲು ಕೇಳಿದಳು. ಹೊಸ ಕಾರಿಗೆ, ಹೊಸ ಫ್ರಿಜ್ಜಿಗೆ ನಾವು ಇಡುವುದಿಲ್ಲವೇ, ಹಾಗೆ. “ಗೋಪುರ ಇದೆ, ಅವ್ರ ದೇವಸ್ಥಾನ ಇರ್ಬೇಕು. ಇನ್ನೂ ಕುಂಕುಮಾನೇ ಇಟ್ಟಿಲ್ಲ ನೋಡು,” ಎಂದು ಬೆರಳು ಒದ್ದೆ ಮಾಡಿ, ನಾನು ಎತ್ತಿ ಹಿಡಿದ ಬಟ್ಟಲಿಗೆ ಅದ್ದಿದಳು.

ಇಡಲಿ ಬಿಡು, ಹಾಳಾಗಲಿ ಎಂದಿತು ಮನಸ್ಸು. ಸಂತೋಷವೂ ಆಯಿತು. ಆದರೆ ಅವಳ ಬೆರಳು ನೇರವಾಗಿ ಹೊಳೆ ನೋಡುತ್ತ ಕೂತವನ ಕಿಟಕಿಯತ್ತಲೇ ಹೋಗುತ್ತಿತ್ತು. ಅವಳ ಮಣಿಕಟ್ಟು ಹಿಡಿದುಬಿಟ್ಟೆ. ಬಟ್ಟಲು ನನ್ನ ಸೀರೆಯ ಮೇಲೆ ಮಗುಚಿತು.

“ರೇಷ್ಮೆ ಕಣೇ ಅದು. ಕಲೆ ಹೋಗಲ್ಲ.”

“ಸದ್ಯ, ನೀನಿದ್ದೆ,” ಎಂದು ಬೆರಳಿನಲ್ಲಿದ್ದ ಕುಂಕುಮವನ್ನು ನನ್ನ ಹಣೆಗೆ ಇಟ್ಟಳು.

ಸೀರೆ ಹಾಳಾಯಿತು. ಚಿತ್ರಕ್ಕೆ ಏನೂ ಆಗಲಿಲ್ಲ, ಇಂದಿಗೂ ಅವಳ ಗೋಡೆಯ ಮೇಲೆ ಹೊಸದರಂತಿದೆ. ಅದನ್ನು ಅವಳಿಗೆ ಉಳಿಸಿಕೊಟ್ಟವಳು ನಾನೇ ಎಂದು ನೆನೆದಾಗಲೆಲ್ಲ ಹೊಟ್ಟೆ ಇನ್ನಷ್ಟು ಉರಿಯುತ್ತದೆ.