ಊರಿಗೆ ಕೇಳುವ ಗಂಟೆ

ಅಮೆರಿಕದ ಸ್ಟರ್ಲಿಂಗಿನ ನಮ್ಮ ಮನೆಯ ಗರಾಜಿನಲ್ಲಿ ಚಪ್ಪಲಿಗಳದೇ ಒಂದು ಅವಿಭಕ್ತ ಕುಟುಂಬವಿದೆ. ಕಾರು ನಿಲ್ಲಬೇಕಾದ ಜಾಗದಲ್ಲಿ ಗಂಡನ ಓಟದ ಬೂಟು, ಮಗಳ ಆರು ಬಗೆಯ ಪಾದರಕ್ಷೆ, ಹಿಮಕ್ಕೆಂದು ಕೊಂಡು ಎರಡೇ ಸಲ ತೊಟ್ಟ ನನ್ನ ಗಂಬೂಟು, ಎಲ್ಲವೂ ಒಂದರ ಮೇಲೊಂದು ಒರಗಿ ಸಂಸಾರ ಮಾಡಿಕೊಂಡಿವೆ. ಕೊಳಾಯಿ ರಿಪೇರಿಗೆ ಬರುವ ಅಮೆರಿಕನ್ನರಿಗೂ ಈ ರಾಶಿ ಕಂಡೊಡನೆ ನಮ್ಮ ಮಡಿ ಅರ್ಥವಾಗಿ, ಕೇಳುವ ಮೊದಲೇ ಬೂಟಿಗೆ ನೀಲಿ ಚೀಲ ತೊಡಿಸಿಕೊಳ್ಳುತ್ತಾರೆ. ಇಪ್ಪತ್ತು ವರ್ಷ ಈ ದೇಶದ ನೀರು ಕುಡಿದು ನನ್ನ ನಾಲಿಗೆ ತಿರುಚಿಕೊಂಡಿದೆ, ಬುದ್ಧಿ ಅರ್ಧಂಬರ್ಧ ಬದಲಾಗಿದೆ; ಕಾಲು ಮಾತ್ರ ಹೊಸ್ತಿಲು ಕಂಡರೆ ಸಾಕು, ನನ್ನನ್ನು ಕೇಳದೆ ಚಪ್ಪಲಿ ಕಳಚುತ್ತದೆ. ಕೈಯೂ ಕಾಲಿನ ತಂಗಿಯೇ ಎಂದು ನನಗೆ ತಿಳಿದದ್ದು 2023ರ ಬೇಸಿಗೆಯಲ್ಲಿ, ಇಂಗ್ಲೆಂಡಿನ ಒಂದು ಪುಟ್ಟ ಹಳ್ಳಿಯಲ್ಲಿ. ಆದರೆ ಅದಕ್ಕೆ ಮೊದಲು ಅಮ್ಮನ ಮುನಿಸಿನ ವಿಷಯ ಹೇಳಬೇಕು, ಸ್ವಲ್ಪ ತಾಳಿಕೊಳ್ಳಿ.

ನನ್ನ ಆಪರೇಷನ್ನಿಗೆಂದು 2020ರ ಮೊದಲಲ್ಲಿ ಅಮ್ಮ ಮೈಸೂರಿನಿಂದ ಬಂದಳು. ಆರೇ ವಾರದಲ್ಲಿ ಬಂದುಬಿಡುತ್ತೇನೆಂದು ಅಪ್ಪನಿಗೆ ಹೇಳಿ ಬಂದವಳು. ವಿಮಾನಗಳು ನಿಂತವು, ಅವಳೂ ಇಲ್ಲೇ ನಿಂತಳು. ಆಗಸ್ಟಿನಲ್ಲಿ ಅಪ್ಪ ಆಸ್ಪತ್ರೆ ಸೇರಿ ಒಂಬತ್ತನೆಯ ದಿನ ಹೋದರು. ಅಲ್ಲಿದ್ದ ನನ್ನ ತಮ್ಮ ಮತ್ತು ಇನ್ನೂ ಮೂವರು, ಮುಖ ಕಾಣದ ಪ್ಲಾಸ್ಟಿಕ್ ಉಡುಪಿನಲ್ಲಿ ಅವರನ್ನು ಕಳಿಸಿಕೊಟ್ಟದ್ದನ್ನು ನಾವು ಊಟದ ಮೇಜಿನ ಮೇಲೆ ನೀರಿನ ಲೋಟಕ್ಕೆ ಒರಗಿಸಿಟ್ಟ ಫೋನಿನಲ್ಲಿ ನೋಡಿದೆವು. ನಡುವೆ ಧ್ವನಿ ನಿಂತುಹೋದದ್ದು ಮತ್ತೆ ಬರಲೇ ಇಲ್ಲ. ಅಮ್ಮ ಅಳಲಿಲ್ಲ. "ಇಡೀ ಬೀದಿಗೆ ಬೇಕಾಗಿದ್ದ ಮನುಷ್ಯ. ಒಂದು ಸದ್ದೂ ಇಲ್ದೆ ಹೋದ್ರಲ್ಲೇ," ಎಂದಳು, ಅಷ್ಟೇ.

ಮರುದಿನದಿಂದ ಅವಳು ದೇವರ ಜೊತೆ ಮಾತು ಬಿಟ್ಟಳು. ಮಾತು ಬಿಟ್ಟಳೆಂದರೆ ಅಕ್ಷರಶಃ ಹಾಗೆಯೇ ತಿಳಿಯಿರಿ, ಏಕೆಂದರೆ ಅದುವರೆಗೆ ಅವಳಿಗೆ ದೇವರೊಂದಿಗೆ ಇದ್ದದ್ದು ಭಕ್ತಿಗಿಂತ ಹೆಚ್ಚಾಗಿ ಹರಟೆ. ಹಾಲು ಉಕ್ಕಿದರೆ ಅವನನ್ನು ಬೈಯುತ್ತಿದ್ದಳು, ಬಸ್ಸು ಸಿಕ್ಕಿದರೆ ಅವನನ್ನು ಹೊಗಳುತ್ತಿದ್ದಳು, ಹೂವು ಬಾಡಿದ್ದರೆ ಕ್ಷಮೆ ಕೇಳುತ್ತಿದ್ದಳು. ಆಮೇಲೆ ಊರಿಗೆ ಹೋದಳು, ಮತ್ತೆ ನಮ್ಮಲ್ಲಿಗೆ ಬಂದಳು. ಎಲ್ಲಿದ್ದರೂ ದೀಪ ಹಚ್ಚಲಿಲ್ಲ. ಹಬ್ಬಕ್ಕೆ ದೇವಸ್ಥಾನಕ್ಕೆ ಕರೆದುಕೊಂಡು ಹೋದರೆ ಬಾಗಿಲವರೆಗೆ ಬಂದು, "ನೀವು ಹೋಗ್ಬನ್ನಿ, ನಾನು ಚಪ್ಪಲಿ ಕಾಯ್ತೀನಿ," ಎಂದು ಕಟ್ಟೆಯ ಮೇಲೆ ಕೂತುಬಿಡುವಳು. "ಅಜ್ಜಿ, ನೋಬಡಿ ಸ್ಟೀಲ್ಸ್ ಶೂಸ್ ಹಿಯರ್," ಎಂದು ನನ್ನ ಮಗಳು ಹೇಳಿದರೆ, "ನಿಂಗೆ ಗೊತ್ತಿಲ್ಲ ಪುಟ್ಟಿ, ಕಳ್ಳ ಒಳಗೇ ಇದಾನೆ," ಎನ್ನುವಳು. ನಾವು ನಗುತ್ತಿದ್ದೆವು. ನನಗೆ ನಿಜವಾಗಿ ಹೆದರಿಕೆಯಾಗುತ್ತಿತ್ತು. ಗಂಡ ಹೋದಮೇಲೆ ಒಬ್ಬಂಟಿಯಾದವಳು, ದಿನವಿಡೀ ಮಾತಾಡುತ್ತಿದ್ದ ಆ ಇನ್ನೊಬ್ಬನನ್ನೂ ಬಿಟ್ಟು ಹೇಗೆ ಬದುಕುತ್ತಾಳೆ?

ಆ ಬೇಸಿಗೆ ಅವಳನ್ನು ಮೈಸೂರಿಗೆ ಬಿಟ್ಟುಬರಲು ಹೊರಟಾಗ, ಅವಳ ಮಂಡಿಗೆ ಒಂದೇ ಏಟಿಗೆ ಅಷ್ಟು ದೂರದ ಪ್ರಯಾಣ ಬೇಡವೆಂದು ದಾರಿಯಲ್ಲಿ ಮೂರು ದಿನ ಇಂಗ್ಲೆಂಡಿನಲ್ಲಿ ಇಳಿದೆವು. ಸಾಲ್ಸ್‌ಬರಿ ಊರಿನ ಹೊರಗೆ, ಹೊಳೆಯ ಪಕ್ಕದ ಹಳ್ಳಿಯೊಂದರಲ್ಲಿ ಕೋಣೆ ಹಿಡಿದಿದ್ದೆ. ನೂರಾರು ವರ್ಷದ ಕ್ಯಾಥೆಡ್ರಲ್ ಚರ್ಚಿನ ಚೂಪು ಗೋಪುರ ಹೊಲಗಳಾಚೆ ಎಲ್ಲಿಂದ ನೋಡಿದರೂ ಕಾಣುತ್ತಿತ್ತು. ಅದನ್ನು ತೋರಿಸಲು ಕರೆದೊಯ್ದರೆ ಅಮ್ಮ ಹೊರಗಿನ ಹುಲ್ಲಿನ ಮೇಲೆ ಕೂತು ಚಕ್ಕುಲಿ ತಿಂದಳು. ಹಳ್ಳಿಯನ್ನಾದರೂ ಮೆಚ್ಚುತ್ತಾಳೇನೋ ಎಂದುಕೊಂಡೆ. ದಪ್ಪ ಹುಲ್ಲುಮಾಡಿನ ಮನೆಗಳನ್ನು ನೋಡಿ, "ಇಷ್ಟ್ ದೂರ ಬಂದು ಗುಡಿಸ್ಲು ನೋಡ್ಬೇಕಾ?" ಎಂದಳು. ಆದರೂ ಬೇಲಿಯ ಗುಲಾಬಿಗಳ ಮುಂದೆ ಅವಳ ನಡಿಗೆ ನಿಧಾನವಾದದ್ದು ನನ್ನ ಕಣ್ಣಿಗೆ ಬಿತ್ತು.

ಎರಡನೆಯ ದಿನ ಬೆಳಗ್ಗೆ, ಬುಧವಾರ, ಹಳ್ಳಿಯ ಚರ್ಚಿನ ಬಾಗಿಲು ತೆರೆದಿತ್ತು. ನಮ್ಮ ಗರಾಜಿಗಿಂತ ತುಸು ದೊಡ್ಡದು ಅನ್ನಿ, ಅಷ್ಟು ಚಿಕ್ಕ ಕಲ್ಲಿನ ಗುಡಿ. ಅಮ್ಮ ಸಮಾಧಿಗಳ ನಡುವಿನ ಬೆಂಚಿನ ಮೇಲೆ ಕೂತು, "ಹೋಗ್ಬಾ, ಚಪ್ಪಲಿ ಕಾಯ್ತೀನಿ," ಎಂದಳು. ಕಳಚಬೇಕಾಗಿಲ್ಲ ಎಂದು ಹೇಳುವಷ್ಟರಲ್ಲಿ ನನ್ನ ಕಾಲು ಕಳಚಿಯಾಗಿತ್ತು. ಒಳಗೆ ತಣ್ಣನೆಯ ಕಲ್ಲು, ಮೇಣದ ವಾಸನೆ, ಯಾರೂ ಇಲ್ಲ. ಬಾಗಿಲ ಬಲಕ್ಕೆ, ಸರಿಯಾಗಿ ನನ್ನ ಕೈಯೆತ್ತರಕ್ಕೆ, ಕೆಂಪು ಬಿಳಿ ಉಣ್ಣೆ ಸುತ್ತಿದ ಹಗ್ಗವೊಂದು ಮೇಲಿನಿಂದ ಇಳಿಬಿದ್ದಿತ್ತು. ಮೈಸೂರಿನಲ್ಲಿ ಹುಟ್ಟಿ ಬೆಳೆದ ಕೈ ಏನು ಮಾಡುತ್ತದೋ ಅದನ್ನೇ ಮಾಡಿತು. ಹಿಡಿದು ಎಳೆಯಿತು.

ನಮ್ಮ ಗುಡಿಯ ಗಂಟೆ ಗುಡಿಗಷ್ಟೇ ಕೇಳುತ್ತದೆ. ಇದು ಊರಿಗೇ ಕೇಳುವ ಗಂಟೆ. ತಲೆಯ ಮೇಲೆ ಎಲ್ಲೋ ಎತ್ತರದಲ್ಲಿ ಢಣ್ಣೆಂದದ್ದು ಗೋಡೆಗಳನ್ನು ನಡುಗಿಸಿ, ಹೊಲ ದಾಟಿ, ಹೊಳೆಯಾಚೆಗೂ ಹೋಯಿತು. ನಾನು ಬೆಪ್ಪಾಗಿ ಬರಿಗಾಲಲ್ಲಿ ಹೊರಗೋಡಿ ಬಂದರೆ, ಎದುರುಮನೆಯಿಂದ ಹಸಿರು ರಬ್ಬರ್ ಬೂಟಿನ ಒಬ್ಬ ಅಜ್ಜಿ, ಚರ್ಚಿನ ಬೀಗದ ಕೈ ಅವಳ ಬಳಿಯೇ ಇರುವುದಂತೆ, ಮಣ್ಣಿನ ಕೈಯಲ್ಲೇ ದಾಪುಗಾಲು ಹಾಕುತ್ತ ಬಂದಳು. ಬೈಯುವಳೆಂದುಕೊಂಡೆ. ಅವಳು ಬಿಳಿಚಿಕೊಂಡು ಕೇಳಿದ್ದು ಒಂದೇ ಮಾತು: ಯಾರು ತೀರಿಕೊಂಡರು?

ವಾರದ ನಡುವೆ ಆ ಗಂಟೆ ಬಾರಿಸುವುದು ಸಾವಿಗೆ ಮಾತ್ರವಂತೆ. ಹೋದವರ ವಯಸ್ಸೆಷ್ಟೋ ಅಷ್ಟು ಪೆಟ್ಟು. ಕೆಲಸ ನಿಲ್ಲಿಸಿ ಊರು ಎಣಿಸುತ್ತದೆ, ಎಣಿಸಿಯೇ ಯಾರೆಂದು ಊಹಿಸುತ್ತದೆ. ನಾನು ನೂರು ಸಲ ಸಾರಿ ಹೇಳಿ, ಯಾರೂ ಇಲ್ಲ, ನಮ್ಮ ಕಡೆಯ ಅಭ್ಯಾಸ, ತಪ್ಪಾಯಿತು ಎಂದು ತೊದಲುತ್ತಿದ್ದೆ. ಬೆಂಚಿನಿಂದ ಅಮ್ಮ, "ಏನಂತೆ?" ಎಂದಳು. ಹೇಳಿದೆ.

ಅವಳು ಮಂಡಿಯ ಮೇಲೆ ಕೈಯೂರಿ ಎದ್ದಳು.

"ಯಾರೂ ಇಲ್ಲ ಅಂತ ಯಾಕೆ ಹೇಳ್ತೀಯ? ನಮ್ಮನೆಯವ್ರು ಹೋದ್ರು ಅಂತ ಹೇಳು. ಎಪ್ಪತ್ತೆಂಟು ಅಂತ ಹೇಳು."

ಹೇಗೋ ಹೇಳಿದೆ, ಮೂರು ವರ್ಷದ ಹಿಂದೆ, ನಾವಿಬ್ಬರೂ ಹತ್ತಿರವಿರಲಿಲ್ಲ ಎಂದೂ ಸೇರಿಸಿದೆ. ಆ ಅಜ್ಜಿ ಅಮ್ಮನನ್ನೇ ನೋಡುತ್ತ ನಿಂತಳು. ತನ್ನ ಗಂಡನೂ ಅದೇ ವರ್ಷ ಹೋದದ್ದು, ಚರ್ಚಿಗೆ ಬೀಗ ಬಿದ್ದಿತ್ತು, ಬಾಗಿಲು ತೆರೆದಮೇಲೆ ತಾನೇ ಬಂದು ಬಾರಿಸಿದೆ ಎಂದಳು. ತಡವಾದರೆ ಗಂಟೆಯೇನೂ ಬೇಡ ಅನ್ನುವುದಿಲ್ಲ ಎನ್ನುತ್ತ, ಕೈಯ ಮಣ್ಣನ್ನು ಲಂಗಕ್ಕೆ ಒರೆಸಿಕೊಂಡು ಅಮ್ಮನತ್ತ ಕೈ ಚಾಚಿದಳು. ಅಮ್ಮ ತನ್ನ ಬಿಳಿ ಸ್ನೀಕರ್ಸನ್ನು ನನ್ನ ಚಪ್ಪಲಿಯ ಪಕ್ಕ ಬಿಟ್ಟು ಆ ಕೈ ಹಿಡಿದು ಒಳಗೆ ಹೋದಳು. ಕಾಯಲು ಯಾರೂ ಇರಲಿಲ್ಲ.

ಹಗ್ಗ ಎಳೆಯುವ ಹದವನ್ನು ಅಜ್ಜಿ ತೋರಿಸಿಕೊಟ್ಟಳು: ಎಳೆಯಬೇಕು, ಅದು ಮೇಲಕ್ಕೆ ಹೋಗುವಾಗ ಬಿಟ್ಟುಕೊಡಬೇಕು. ಅಮ್ಮ ಕನ್ನಡದಲ್ಲಿ ಎಣಿಸಿದಳು, ಅವಳು ಇಂಗ್ಲಿಷಿನಲ್ಲಿ. ಇಪ್ಪತ್ತಾರಕ್ಕೆ ಅಮ್ಮನ ತೋಳು ಸೋತಾಗ, "ಈ ವಯಸ್ಸಲ್ಲೇ ಕಣೇ ಅವ್ರು ನನ್ನ ಮದ್ವೆಯಾಗಿದ್ದು," ಎಂದು ಹಗ್ಗವನ್ನು ನನಗೆ ಕೊಟ್ಟಳು. ಮೂವತ್ತೊಂದಕ್ಕೆ ನಾನು ಹುಟ್ಟಿದೆ. ಅರವತ್ತಕ್ಕೆ ಅಪ್ಪ ನಿವೃತ್ತರಾಗಿ ಮೊದಲ ಸಲ ಕಾಫಿ ಮಾಡಲು ಕಲಿತರು. ನಾವು ಮೂವರೂ ಸರದಿಯಲ್ಲಿ ಎಳೆಯುತ್ತ ಎಪ್ಪತ್ತು ದಾಟುವ ಹೊತ್ತಿಗೆ ಹಳ್ಳಿಯ ಎಪ್ಪತ್ತು ದಾಟಿದವರೆಲ್ಲ, ತಾವಂತೂ ಅಲ್ಲವೆಂದು ಖಾತ್ರಿ ಮಾಡಿಕೊಳ್ಳಲೋ ಎಂಬಂತೆ, ಅಂಗಳದಲ್ಲಿ ಬಂದು ನಿಂತಿದ್ದರು. ಒಬ್ಬ ಮುದುಕ ಟೋಪಿ ತೆಗೆದು ಎದೆಗೆ ಒತ್ತಿಕೊಂಡಿದ್ದ. ಅವನಿಗೆ ನಮ್ಮಪ್ಪ ಯಾರೆಂದು ಗೊತ್ತಿರಲಿಲ್ಲ. ಅಮ್ಮ ಅವನನ್ನು ನೋಡಿದಳು, ಮೂರು ವರ್ಷದ ಅಳು ಅವಳಿಗೆ ಆಗ ಬಂತು. ಅಳುತ್ತಲೇ ಕೊನೆಯ ನಾಲ್ಕು ಪೆಟ್ಟುಗಳನ್ನು ತಾನೇ ಬಾರಿಸಿದಳು.

ಎಪ್ಪತ್ತೆಂಟಾಯಿತು. ಸದ್ದು ಹೊಳೆಯಾಚೆಗೆ ಹೋಗಿ ಅಡಗಿತು. ಅಜ್ಜಿ ಹಗ್ಗವನ್ನು ಗೋಡೆಯ ಕೊಕ್ಕೆಗೆ ಸಿಕ್ಕಿಸಲು ಕೈ ಚಾಚಿದರೆ ಅಮ್ಮ ಬಿಡಲಿಲ್ಲ.

"ಅಮ್ಮ, ಮುಗೀತು. ಎಪ್ಪತ್ತೆಂಟಾಯ್ತು."

"ಅವ್ರದು ಮುಗೀತು ಕಣೇ." ಸೆರಗಿನಿಂದ ಮುಖ ಒರೆಸಿಕೊಂಡು, ಮೇಣದಬತ್ತಿಗಳಿದ್ದ ಒಳಗಡೆಗೆ ಒಮ್ಮೆ ದುರುಗುಟ್ಟಿ ನೋಡಿದಳು. "ನಾನು ಬಂದಿದೀನಿ ಅಂತ ಅವನಿಗೂ ಗೊತ್ತಾಗ್ಬೇಕಲ್ಲ."

ಎಂದವಳೇ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಮತ್ತೊಂದು ಸಲ ಜೋರಾಗಿ ಎಳೆದಳು.