ಉಡಿಯಕ್ಕಿಯ ಡಬ್ಬಿ

ಕೋವಿಡ್ ಕಾಲದಲ್ಲಿ ಮೂಲೆ ಸೇರಿದ್ದ ಜಾದೂ ಪೆಟ್ಟಿಗೆಯ ಧೂಳು ಕೊಡವಿ ನಾನು ಮತ್ತೆ ಊರೂರು ತಿರುಗಲು ಶುರು ಮಾಡಿದ್ದು ಶಾಲೆಗಳೆಲ್ಲ ತೆರೆದ ಮರುವರ್ಷ. ಆಗಲೂ ಈಗಲೂ ನನ್ನ ವಾಸ ಹಳಿಯಾಳದಲ್ಲಿ. ಕಸುಬು ಜಾದೂ, ಅದೊಂದೇ. ದಾಂಡೇಲಿಯ ರೆಸಾರ್ಟುಗಳಲ್ಲಿ ಪ್ರವಾಸಿಗರ ಮಕ್ಕಳ ಎದುರು, ಜೊಯಿಡಾ, ಮುಂಡಗೋಡ ಕಡೆಯ ಶಾಲೆಗಳ ಗ್ಯಾದರಿಂಗ್‌ಗಳಲ್ಲಿ, ಯಾರದೋ ಮನೆಯ ಹುಟ್ಟುಹಬ್ಬದಲ್ಲಿ ಆಟ ತೋರಿಸುತ್ತ ಕೂದಲು ಬೆಳ್ಳಗಾಗಿದೆ. ಜನ ನನ್ನನ್ನು ಕರೆಯುವುದು ಜಾದೂ ಮಾಸ್ತರ ಎಂದು. ನನ್ನ ಹೆಂಡತಿ ಶಾಂತಾ ವೇದಿಕೆಯ ಮೇಲೆ ನನ್ನ ಸಹಾಯಕಿ. ವೇದಿಕೆ ಇಳಿದ ಮೇಲೆ ಅವಳೇ ಯಜಮಾನಿ.

ಆ ವರ್ಷ ಹಳಿಯಾಳ-ದಾಂಡೇಲಿ ರಸ್ತೆಯ ಪಕ್ಕದ ಒಂದು ವೃದ್ಧಾಶ್ರಮದವರು ತಿಂಗಳಿಗೊಮ್ಮೆ ಬಂದು ಆಟ ತೋರಿಸಿ ಎಂದು ಕೇಳಿದರು. ಹೆಸರು ಹೇಳುವುದಿಲ್ಲ. ಚೊಕ್ಕ ಜಾಗ, ಒಳ್ಳೆಯ ಜನ. ಇದ್ದವರಲ್ಲಿ ಹೆಚ್ಚಿನವರು ಹೆಂಗಸರು, ಸುತ್ತಲಿನ ಹಳ್ಳಿಗಳವರು.

ಹಿರಿಯರಿಗೆ ಜಾದೂ ತೋರಿಸುವುದು ಮಕ್ಕಳಿಗೆ ತೋರಿಸಿದಷ್ಟು ಸುಲಭವಲ್ಲ. ಇಸ್ಪೀಟು ಎಲೆ ಅವರಿಗೆ ಕಾಣುವುದಿಲ್ಲ, ಬಲೂನು ಒಡೆದರೆ ಎದೆ ಹಾರುತ್ತದೆ. ಹಾಗಾಗಿ ದೊಡ್ಡ ಕರವಸ್ತ್ರ, ದಪ್ಪ ಹಗ್ಗ, ಹಿತ್ತಾಳೆ ಪಾತ್ರೆ ಇಂಥವೇ ಆಗಬೇಕು. ಮಧ್ಯಾಹ್ನದ ನಿದ್ದೆಗೂ ಸಂಜೆಯ ಚಹಾಕ್ಕೂ ನಡುವಿನ ಹೊತ್ತು ಹಿಡಿಯಬೇಕು. ಅವರು ಸುಮ್ಮನೆ ನೋಡುವವರೂ ಅಲ್ಲ. ಸಾಂಬ್ರಾಣಿಯ ಅಜ್ಜ ಒಬ್ಬರು ಮೊದಲ ದಿನವೇ, "ಹದಿನೈದ ವರ್ಷದ ಹಿಂದ ನಮ್ಮ ಎಮ್ಮಿ ಮಾಯಾ ಆತಲ್ಲಾ, ಅದೂ ನಿನ್ನ ಕೆಲಸಾನ ಏನಪಾ?" ಎಂದು ಕೇಳಿ ಇಡೀ ಹಾಲನ್ನು ನಗಿಸಿದ್ದರು.

ನಮ್ಮ ಕಸುಬಿನಲ್ಲಿ ಪ್ಯಾಟರ್ ಎಂಬ ಮಾತಿದೆ. ಆಟದುದ್ದಕ್ಕೂ ಜಾದೂಗಾರ ಬಿಡದೆ ಆಡುವ ಮಾತು ಅದು. ಕೈ ಕೆಲಸ ಮಾಡುವಾಗ ಬಾಯಿ ಜನರನ್ನು ಬೇರೆ ಕಡೆ ಕರೆದೊಯ್ಯಬೇಕು. ಮಾತು ನಿಂತರೆ ಜನ ಕೈ ನೋಡುತ್ತಾರೆ, ಕೈ ನೋಡಿದರೆ ಗುಟ್ಟು ಹೊರಬೀಳುತ್ತದೆ. ಹಾಲು ನಿಶ್ಶಬ್ದವಾದರೆ ಏನಾದರೊಂದು ಹೇಳು, ಬಾಯಿಗೆ ಬಂದದ್ದು ಹೇಳು, ಆದರೆ ಸುಮ್ಮನಾಗಬೇಡ ಎಂದು ನನ್ನ ಗುರುಗಳು ಕಲಿಸಿದ್ದರು. ಆ ಪಾಠವನ್ನು ನಾನು ಮಿತಿಮೀರಿ ಚೆನ್ನಾಗಿ ಕಲಿತಿದ್ದೆ.

ಎರಡನೆಯ ತಿಂಗಳ ಆಟಕ್ಕೆ ಉಡಿ ತುಂಬುವ ಜಾದೂ ಇಟ್ಟುಕೊಂಡೆ. ಇದು ನಾನೇ ಕಟ್ಟಿದ ಐಟಂ. ಖಾಲಿ ಹಿತ್ತಾಳೆ ಬುಟ್ಟಿಯನ್ನು ಎಲ್ಲರಿಗೂ ಬೋರಲು ಹಾಕಿ ತೋರಿಸುತ್ತೇನೆ. ಆಮೇಲೆ ಅದೇ ಬುಟ್ಟಿಯಿಂದ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಕುಪ್ಪಸದ ಬಟ್ಟೆಯ ಕಣ ಒಂದೊಂದಾಗಿ ಬರುತ್ತವೆ. ಪ್ರೇಕ್ಷಕರಲ್ಲಿ ಒಬ್ಬ ಮುತ್ತೈದೆಯನ್ನು ಕರೆದು ಶಾಂತಾ ಅವನ್ನೆಲ್ಲ ಅವರ ಸೆರಗಿನ ಉಡಿಗೆ ಹಾಕುತ್ತಾಳೆ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಗಂಡ ಇಲ್ಲದವರಿಗೆ ಮಾತ್ರ ಉಡಿ ತುಂಬುವ ಪದ್ಧತಿ ಇಲ್ಲ. ಆ ಪದ್ಧತಿ ಸರಿಯೋ ತಪ್ಪೋ, ಹಾಲಿನಲ್ಲಿದ್ದ ಅಜ್ಜಿಯರೆಲ್ಲ ಅದನ್ನು ನಂಬಿದವರು. ಶಾಂತಾ ಕಣ್ಣಾಡಿಸಿದಾಗ ಹಣೆಯಲ್ಲಿ ಕುಂಕುಮ, ಕೈತುಂಬ ಹಸಿರು ಬಳೆ ಇದ್ದದ್ದು ಒಬ್ಬರಿಗೇ. ಅವರು ತೇರಗಾಂವದ ನೀಲವ್ವ. ಅವರನ್ನೇ ಕರೆದಳು.

ನೀಲವ್ವ ನಾಚುತ್ತ ಬಂದು ಸೆರಗು ಒಡ್ಡಿದರು. ಬುಟ್ಟಿಯಿಂದ ಅಕ್ಕಿ ಸುರಿಯಿತು. ಬೇರೆ ಕಡೆ ಈ ಹೊತ್ತಿಗೆ ಚಪ್ಪಾಳೆ ಏಳುತ್ತದೆ. ಇಲ್ಲಿ ಒಂದು ಕೈಯೂ ಏಳಲಿಲ್ಲ. ಮುಂದಿನ ಸಾಲಿನ ಅಜ್ಜಿಯೊಬ್ಬರು ಸೆರಗು ಬಾಯಿಗೆ ಒತ್ತಿಕೊಂಡರು. ಇನ್ನೊಬ್ಬರು ಎದ್ದು ಹೊರಗೆ ನಡೆದರು. ಆಟ ಕೆಟ್ಟಿತು, ಬುಟ್ಟಿಯ ಗುಟ್ಟು ಯಾರಿಗೋ ಕಂಡಿತು ಎಂದೇ ನಾನು ತಿಳಿದೆ. ನೀಲವ್ವ ಉಡಿ ಹಿಡಿದುಕೊಂಡು ಎಲ್ಲರ ಮುಖ ನೋಡಿದರು.

"ಯಾಕ್ರವಾ, ಹಿಂಗ್ಯಾಕ ಸುಮ್ಮನಾದ್ರಿ ಎಲ್ಲಾರೂ?"

ಎಲ್ಲರೂ ಮುಖ ತಿರುಗಿಸಿದರು. ಅವರು ನನ್ನ ಕಡೆ ತಿರುಗಿದರು. "ಮಾಸ್ತರ, ನೀವು ಹಳಿಯಾಳದವರಲ್ಲಾ? ಹಿಟ್ಟಿನ ಗಿರಣಿ ಮಲ್ಲೇಶ ನನ್ನ ಮಗಾ. ನಮ್ಮ ಮನಿಯವರು ಸೊಂಟಾ ಮುರಕೊಂಡು ಅವನ ಮನ್ಯಾಗ ಅದಾರ. ನೋಡೀರೇನು ಅವರನ್ನ?"

ಗಿರಣಿ ನನಗೆ ಗೊತ್ತಿತ್ತು. ಅವರ ಯಜಮಾನರನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಆದರೆ ಹಾಲು ನಿಶ್ಶಬ್ದವಾಗಿತ್ತು, ಆಟ ಕೈಜಾರುತ್ತಿತ್ತು. ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು.

"ನೋಡದ ಏನ್ರೀ ಅವ್ವಾ! ಮೊನ್ನೆನ ಗಿರಣಿ ಮುಂದ ಕುರ್ಚಿ ಹಾಕ್ಕೊಂಡು ಕುಂತಿದ್ರು. ಅಗದೀ ಆರಾಮ ಅದಾರ. ನಿಮ್ಮನ್ನ ಭಾಳ ನೆನಸ್ತಾರ."

ನೀಲವ್ವನ ಮುಖ ಅರಳಿತು. ನಾನು ಹಗ್ಗದ ಆಟಕ್ಕೆ ಹೊರಳಿದೆ. ಸಂಭಾಳಿಸಿದೆ ಎಂದು ಒಳಗೊಳಗೇ ಹಿಗ್ಗಿದೆ ಕೂಡ. ಅದನ್ನು ನೆನೆದರೆ ಇವತ್ತಿಗೂ ಮೈ ಹಿಡಿಯಾಗುತ್ತದೆ.

ಆಟ ಮುಗಿದ ಮೇಲೆ ಆಶ್ರಮದ ಮೇಲ್ವಿಚಾರಕಿ ಸರೋಜಾ ಮೇಡಂ ನಮ್ಮನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. "ಹೊತ್ತಿಗೆ ದೇವರ ಬಂದಂಗ ಬಂದ್ರಿ ಮಾಸ್ತರ. ನೀವು ಹಂಗ ಅನ್ನಲಿಲ್ಲಂದ್ರ ಇವತ್ತ ಎಲ್ಲಾ ಬಯಲಾಗತಿತ್ತು. ನೀಲವ್ವನ ಯಜಮಾನ್ರು ತೀರಿ ತಿಂಗಳ ಮ್ಯಾಲಾತು. ಆಕಿ ಎದಿ ಗಟ್ಟಿ ಇಲ್ಲ, ಹೇಳಬ್ಯಾಡ್ರಿ ಅಂತ ಮಗಾ ಕೈ ಮುಗದಾನ."

ಗಂಡ ಹೆಂಡತಿ ಇಬ್ಬರೂ ಆಶ್ರಮದಲ್ಲೇ ಇದ್ದರಂತೆ. ಅಜ್ಜ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡಾಗ ಮಗ ಆಸ್ಪತ್ರೆಗೆ ಒಯ್ದ, ಅಲ್ಲಿಂದ ತನ್ನ ಮನೆಗೆ. ಅಲ್ಲೇ ಹೋದರು. ಕಿವಿ ಮಂದವಾದ್ದರಿಂದ ಅವರು ಫೋನಿನಲ್ಲಿ ಮಾತಾಡುತ್ತಿರಲಿಲ್ಲ, ಹಾಗಾಗಿ ಸುಳ್ಳು ನಡೆದುಕೊಂಡು ಬಂದಿತ್ತು. ಆಶ್ರಮದಲ್ಲಿ ನೀಲವ್ವ ಒಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಗಂಡ ಸತ್ತದ್ದು ತಿಳಿಯದ ಹೆಂಗಸಿಗೆ ನಾನು ಎಲ್ಲರೆದುರು ಉಡಿ ತುಂಬಿಸಿದ್ದೆ. ಸತ್ತವರನ್ನು ಕುರ್ಚಿಯ ಮೇಲೆ ಕೂರಿಸಿ ತೋರಿಸಿದ್ದೆ. ಶಾಂತಾ ತಲೆ ಎತ್ತಲಿಲ್ಲ.

ನಾವು ಸಾಮಾನು ಕಟ್ಟಿ ಗಾಡಿಗೆ ಏರಿಸುವಷ್ಟರಲ್ಲಿ ನೀಲವ್ವ ಅಡುಗೆ ಮನೆಯಿಂದ ಬಂದರು. ಕೈಯಲ್ಲಿ ಸ್ಟೀಲಿನ ಡಬ್ಬಿ, ಇನ್ನೂ ಬಿಸಿ. ಹಟ ಹಿಡಿದು ತಾವೇ ಒಲೆ ಮುಂದೆ ನಿಂತು ಉಡಿಯಕ್ಕಿಯ ಹುಗ್ಗಿ ಮಾಡಿದ್ದರು.

"ಉಡಿ ಅಕ್ಕಿ ಮನಿಯವರ ಉಣಬೇಕ್ರಿ, ಮಂದಿಗೆ ಕೊಡಬಾರದು. ಇದನ್ನ ಅವರ ಕೈಯಾಗ ಕೊಡ್ರಿ. ಉಂಡು ಏನಂದ್ರು ಅಂತ ಮುಂದಿನ ಸಲ ಬಂದಾಗ ಹೇಳ್ರಿ."

ಬೇಡ ಎನ್ನಲು ಒಂದು ಕಾರಣವೂ ಹೊಳೆಯಲಿಲ್ಲ. ಮೊನ್ನೆ ತಾನೇ ಅವರನ್ನು ನೋಡಿದವನಲ್ಲವೇ ನಾನು! ಇಸಿದುಕೊಂಡೆ. ಗಾಡಿಯಲ್ಲಿ ಶಾಂತಾ ಊರು ಹತ್ತಿರವಾದಾಗ, "ಆಟದಾಗಿನ ಸುಳ್ಳ ಆಟದಾಗ ಬಿಟ್ಟು ಬರಬೇಕು. ಡಬ್ಬ್ಯಾಗ ಹಾಕ್ಕೊಂಡು ಬರಬಾರದ್ರಿ," ಎಂದಳು. ನಮಗೇಕೆ ಬೇರೆಯವರ ಮನೆಯ ವಿಷಯ ಎಂದು ನಾನು ಗೊಣಗಿದೆ.

ಸಂಜೆ ಮಲ್ಲೇಶನ ಮನೆಗೆ ಹೋದೆ. ಗಿರಣಿಯ ಮೇಲಿನ ಎರಡು ಕೋಣೆ. ಗೋಡೆಯಲ್ಲಿ ಹಾರ ಹಾಕಿದ ಫೋಟೋ. ಆ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ವಿಷಯ ಕೇಳಿದ ಮಲ್ಲೇಶ ಮೈಯೆಲ್ಲ ಹಿಟ್ಟಾಗಿದ್ದ ಹಾಗೆಯೇ ಮೆಟ್ಟಿಲ ಮೇಲೆ ಕುಳಿತ. "ದಿನಾ ಹೇಳೂಣು ಅಂತೇನಿ ಮಾಸ್ತರ. ಫೋನ್ ಕೈಯಾಗ ಹಿಡದ ಕೂಡಲೆ ಧೈರ್ಯ ಆಗವಲ್ದು. ಅಪ್ಪನೂ ಹೋದಾ, ಇನ್ನ ಅವ್ವನ್ನ ನಾನ ಕೊಂದಂಗ ಆಗಬಾರದು. ಉಂಡ್ರು, ಚಲೋ ಆಗಿತ್ತಂತ, ಅಷ್ಟ ಹೇಳಿಬಿಡ್ರಿ." ಅವನ ಹೆಂಡತಿ ಡಬ್ಬಿಯನ್ನು ಫೋಟೋದ ಮುಂದೆ ಇಟ್ಟು ಕೈಮುಗಿದಳು. ಆಮೇಲೆ ಹುಗ್ಗಿಯನ್ನು ಬೀದಿಯ ಆಕಳಿಗೆ ಸುರಿದಳು. ಡಬ್ಬಿ ಬರಿದಾಗಿ ಮರಳಿಸಬಾರದೆಂದು ತೊಳೆದು ಸಕ್ಕರೆ ತುಂಬಿ ನನ್ನ ಕೈಗಿತ್ತಳು.

ಮುಂದಿನ ತಿಂಗಳು ನಾವು ಹೋದಾಗ ನೀಲವ್ವ ವರಾಂಡದ ಕಟ್ಟೆಯ ಮೇಲೆ ಕಾಯುತ್ತಿದ್ದರು. ಶಾಂತಾ ಡಬ್ಬಿಯನ್ನು ಮುಟ್ಟಲಿಲ್ಲ, ನನ್ನ ಕೈಗೇ ಬಿಟ್ಟು ಹಾಲಿನೊಳಗೆ ಹೋದಳು.

"ಕೊಟ್ರೇನು?"

"ಕೊಟ್ಟೆರಿ."

"ಉಂಡ್ರೇನು?"

"ತಳಾ ಕಾಣೂ ಹಂಗ ಉಂಡ್ರು. ಆಕಿ ಕೈ ರುಚಿ ಇನ್ನೂ ಹಂಗ ಐತಿ ಅಂದ್ರು."

ಅಷ್ಟು ಹೇಳು ಎಂದು ಯಾರೂ ಕೇಳಿರಲಿಲ್ಲ. ಒಗ್ಗರಣೆ ನನ್ನದೇ.

ನೀಲವ್ವ ಮುಚ್ಚಳ ತೆರೆದು ಸಕ್ಕರೆ ನೋಡಿದರು, ಮತ್ತೆ ಮುಚ್ಚಿದರು. "ಆ ಹುಗ್ಗಿಗೆ ನಾ ಬೆಲ್ಲಾ ಹಾಕಿರಲಿಲ್ಲ ಮಾಸ್ತರ. ಹಿಡಿ ಉಪ್ಪ ಹಾಕಿದ್ದೆ."

ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಅವತ್ತ ಎಲ್ಲಾರ ಮಾರಿ ನೋಡಿದಾಗನ ನನಗ ಸಂಶೆ ಬಂತು. ನಿಮ್ಮ ಮಾತ ಕೇಳಿ ಅರ್ಧಾ ಹೋತು. ಉಳಿದ ಅರ್ಧಕ್ಕ ಉಪ್ಪ ಹಾಕಿದೆ. ಅದು ನಮ್ಮ ಮನಿಯವರ ಬಾಯಾಗ ಹೋಗಿದ್ರ ಡಬ್ಬಿ ತಗದ ಬೀದಿಗೆ ಒಗೀತಿದ್ರು. ನನ್ನ ತವರಮನಿ ಮಂದಿನ್ನೆಲ್ಲಾ ಹಿಡದ ಬೈದು ಕಳಸ್ತಿದ್ರು. ಆ ಬೈಗಳಾ ಕೇಳಾಕಂತ ಒಂದ ತಿಂಗಳ ಕುಂತೇನಿ ನಾ." ನನ್ನ ಮುಖ ನೋಡಿ ಕೇಳಿದರು: "ಯಾವಾಗ ಹೋದ್ರು?"

ನಾನು ಸರೋಜಾ ಮೇಡಂ ಎಲ್ಲಾದರೂ ಕಾಣುತ್ತಾರೋ ಎಂದು ಸುತ್ತ ನೋಡಿದೆ. ಯಾರೂ ಇರಲಿಲ್ಲ. ಹೇಳಿದೆ. ಉಡಿ ತುಂಬುವುದಕ್ಕೆ ತಿಂಗಳ ಮೊದಲೇ ಹೋಗಿದ್ದರು ಎಂದೆ.

"ಮಣ್ಣ ಎಲ್ಲಿ ಕೊಟ್ರು?"

"ತೇರಗಾಂವದಾಗ. ನಿಮ್ಮ ಹೊಲದಾಗನ ಅಂತ."

"ನನ್ನ ಹೊಲದಾಗ. ಒಂದ ಹಿಡಿ ಮಣ್ಣ ಹಾಕಾಕ ನನ್ನ ಕರೀಲಿಲ್ಲ." ಅವರು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು. "ಎದಿ ಒಡೀತೈತಿ ಅಂತ ಅಂಜಿದ್ರೇನು? ನನ್ನ ಎದಿ ಅದು, ಒಡದ್ರ ಒಡೀಲಿ. ಮಗಾ ಸುಳ್ಳ ಹೇಳಿದಾ. ತಾಯಿ ಕಳಕೊಂಡೇನು ಅಂತ ಅಂಜಿ ಹೇಳಿದಾ. ಸರೋಜಾಬಾಯಿ ನೌಕರಿಗೆ ಹೇಳಿದ್ಲು. ನೀವು ಯಾಕ ಹೇಳಿದ್ರಿ ಮಾಸ್ತರ? ನಾ ನಿಮಗ ಏನಾಗಬೇಕು?"

ಎಷ್ಟೋ ವೇದಿಕೆಗಳ ಮೇಲೆ ಎಷ್ಟೋ ಕುಹಕದ ಪ್ರಶ್ನೆಗಳಿಗೆ ತಟ್ಟನೆ ಉತ್ತರ ಕೊಟ್ಟವನು ನಾನು. ಆದರೆ ಇವರಿಗೆ, ಹೆದರಿಕೆಗಲ್ಲ, ಕರುಣೆಗಲ್ಲ, ಚಪ್ಪಾಳೆ ಬೀಳಲಿಲ್ಲವೆಂದು ಹೇಳಿದೆ ಎಂದು ಹೇಗೆ ಹೇಳಲಿ? ಕಾಲು ಹಿಡಿಯಲು ಬಾಗಿದರೆ ಅವರು ಕಾಲನ್ನು ಹಿಂದಕ್ಕೆ ಎಳೆದುಕೊಂಡರು.

ಆ ದಿನ ಆಟ ಮಾಡಲಿಲ್ಲ. ಸರೋಜಾ ಮೇಡಂಗೆ ವಿಷಯ ತಿಳಿಸಿದೆ, ಅವರು ಮಲ್ಲೇಶನಿಗೆ ಫೋನ್ ಮಾಡಿದರು. ಅವನು ಗಿರಣಿ ನಿಲ್ಲಿಸಿ ಜೀಪು ತಂದು ತಾಯಿಯನ್ನು ತೇರಗಾಂವಕ್ಕೆ ಕರೆದೊಯ್ದ. ಗಂಡನ ಸಮಾಧಿಯ ಹತ್ತಿರ ನೀಲವ್ವ ಬಿಸಿಲು ಇಳಿಯುವವರೆಗೂ ಕುಳಿತಿದ್ದರಂತೆ. ಮಗನನ್ನು ಬೈದು, ಅತ್ತು, ಅವನ ಮನೆಯಲ್ಲೇ ಉಂಡು, ವಾರದ ಮೇಲೆ ಆಶ್ರಮಕ್ಕೆ ಮರಳಿದರಂತೆ. ಎಲ್ಲರೂ ಹೆದರಿದ್ದ ಅವರ ಎದೆ ಇವತ್ತಿಗೂ ಗಟ್ಟಿಯಾಗಿದೆ.

ಆ ಡಬ್ಬಿ ನನಗೆ ಕಲಿಸಿದ್ದು ಇಷ್ಟು: ಆ ದಿನ ನಾನು ಹೇಳಬೇಕಾಗಿದ್ದದ್ದು ಅವರನ್ನು ನೋಡಿಲ್ಲ ಎಂಬ ಎರಡೇ ಶಬ್ದ. ಅದು ಸತ್ಯವೂ ಆಗಿತ್ತು. ಅಷ್ಟು ಹೇಳಿದ್ದರೆ ಆಟವೊಂದು ಕೆಡುತ್ತಿತ್ತು, ಬೇರೇನೂ ಕೆಡುತ್ತಿರಲಿಲ್ಲ. ಈಗ ಹೊಸದಾಗಿ ಕಲಿಯಲು ಬರುವವರಿಗೆ ಕೈಚಳಕಕ್ಕಿಂತ ಮೊದಲು ಸುಮ್ಮನೆ ನಿಲ್ಲುವುದನ್ನು ಕಲಿಸುತ್ತೇನೆ. ಹಾಲು ನಿಶ್ಶಬ್ದವಾದರೆ ಆಗಲಿ, ಯಾಕೆ ನಿಶ್ಶಬ್ದವಾಯಿತೆಂದು ಮೊದಲು ನೋಡು ಎನ್ನುತ್ತೇನೆ.

ಆ ಆಶ್ರಮಕ್ಕೆ ಇನ್ನು ಹೋಗಬಾರದು ಎಂದುಕೊಂಡಿದ್ದೆ. ಶಾಂತಾ ಬಿಡಲಿಲ್ಲ. "ಮಾರಿ ತಪ್ಪಿಸಿದ್ರ ಅದೂ ಒಂದ ಸುಳ್ಳ," ಎಂದಳು. ಹಾಗಾಗಿ ಈಗಲೂ ಹೋಗುತ್ತೇನೆ. ಉಡಿಯ ಐಟಂ ಬಿಟ್ಟಿದ್ದೇನೆ. ನೀಲವ್ವ ನನ್ನನ್ನು ಬೈದಿಲ್ಲ, ಕ್ಷಮಿಸಿಯೂ ಇಲ್ಲ. ಪ್ರತಿ ಆಟಕ್ಕೂ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಉಳಿದವರೆಲ್ಲ ನನ್ನ ಕೈ ನೋಡುತ್ತಾರೆ. ನೀಲವ್ವ ನನ್ನ ಬಾಯಿ ನೋಡುತ್ತಾರೆ.